‘ಒಂದು ಆ್ಯಪ್ ಮಾಡೋಕೆ ಎಷ್ಟಾಗತ್ತೆ?’: ರೇಟ್ ಹೇಳೋ ಮೊದಲು ಕ್ಲೈಂಟ್‌ಗೆ ಕೇಳಬೇಕಾದ ಒಂಬತ್ತು ಪ್ರಶ್ನೆಗಳು



ಇವತ್ತಿನ ವಿಷಯ ನಿಮ್ಮ ಮೆಸೇಜ್‌ಗಳಿಂದಲೇ ಹುಟ್ಟಿದ್ದು. ಬಿಸಿಎ, ಎಂಜಿನಿಯರಿಂಗ್ ಕೊನೆ ವರ್ಷದಲ್ಲಿರೋರು, ಈಗಷ್ಟೇ ಮುಗಿಸಿ ಫ್ರೀಲ್ಯಾನ್ಸ್ ಶುರು ಮಾಡಿರೋರು ಹೆಚ್ಚು ಕಮ್ಮಿ ಒಂದೇ ಮಾತು ಕೇಳ್ತಾರೆ: “ಪರಿಚಯದವರೊಬ್ಬರು ಆ್ಯಪ್ ಮಾಡಿಕೊಡು ಅಂತಿದ್ದಾರೆ. ಎಷ್ಟು ಕೇಳಲಿ?”

ನಾನು ಓದಿದ್ದು ಬಿ.ಕಾಂ. ಕೋಡ್ ಬರೆಯೋದು ನನ್ನ ಕಸುಬಲ್ಲ, ಲೆಕ್ಕ ನೋಡೋದು ಗೊತ್ತು. ಆ ಲೆಕ್ಕದ ಕಡೆಯಿಂದ ಹೇಳೋದಾದರೆ, ಮೊದಲ ಭೇಟಿಯಲ್ಲಿ ಯಾವ ಅಂಕಿಯನ್ನೂ ಹೇಳಬೇಡಿ. ಬಾಯಿಂದ ಬಂದ ಮೊದಲ ಅಂಕಿ ಕ್ಲೈಂಟ್ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡತ್ತೆ. ಆಮೇಲೆ ಕೆಲಸ ಮೂರು ಪಟ್ಟಾದರೂ ಆ ಅಂಕಿ ಅಲ್ಲಾಡಲ್ಲ.

ಇದರಲ್ಲಿ ಪೆಟ್ಟು ಬೀಳೋದು ಇಬ್ಬರಿಗೂ. ಆರು ತಿಂಗಳು ದುಡಿದ ಹುಡುಗನಿಗೋ ಹುಡುಗಿಗೋ ಕೊನೆಯ ಕಂತು ಬರಲ್ಲ. ಉಳಿತಾಯದ ದುಡ್ಡು ಹಾಕಿದ ಅಂಗಡಿಯವರ ಫೋನಲ್ಲಿ ಅಪ್‌ಡೇಟ್ ಮಾಡೋಕೆ ಯಾರೂ ಸಿಗದ ಒಂದು ಆ್ಯಪ್ ಉಳಿಯತ್ತೆ. ಇಂಥ ಜಗಳಗಳಲ್ಲಿ ಕೋಡ್ ಕೆಟ್ಟಿರೋದಕ್ಕಿಂತ, ಆ್ಯಪ್ ಬಿಡುಗಡೆಯಾದ ಮಾರನೇ ದಿನದಿಂದ ಯಾರು ಏನು ಮಾಡಬೇಕು ಅಂತ ಮೊದಲೇ ಮಾತಾಡದೇ ಇರೋದೇ ದೊಡ್ಡ ಕಾರಣ. ಇವತ್ತು ಹೇಳೋ ಒಂಬತ್ತೂ ಪ್ರಶ್ನೆಗಳು ಆ ಮಾರನೇ ದಿನದ ಬಗ್ಗೆಯೇ. ಆ್ಯಪ್ ಮಾಡಿಸಬೇಕು ಅಂತಿರೋ ವ್ಯಾಪಾರಿಗಳೂ ಕೇಳಿ, ಈ ಪ್ರಶ್ನೆಗಳಿಗೆ ನಿಮ್ಮ ಉತ್ತರ ಮೊದಲೇ ಸಿದ್ಧವಿದ್ದರೆ ನಿಮ್ಮ ದುಡ್ಡು ಉಳಿಯತ್ತೆ.

ಸುಲಭ ಆಗಲಿ ಅಂತ ಒಬ್ಬ ಕ್ಲೈಂಟನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯಲ್ಲಿ ಅಮ್ಮ, ಮಗ ಸೇರಿ ನಡೆಸೋ ಕುರುಕಲು ತಿಂಡಿ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರ. ಮಗ ನಿಮಗೆ ಫೋನ್ ಮಾಡಿ, “ಸ್ವಿಗ್ಗಿ ತರಹ ಒಂದು ಆ್ಯಪ್ ಬೇಕು ಕಣಪ್ಪ, ಎಷ್ಟಾಗತ್ತೆ?” ಅಂತಾರೆ. ಇಲ್ಲಿಂದ ಶುರು ಮಾಡೋಣ.

ಪ್ರಶ್ನೆ 1: ಈಗ ಈ ಕೆಲಸ ಹೇಗೆ ನಡೀತಿದೆ?

ಮೊದಲು ಆ್ಯಪ್ ಬಗ್ಗೆ ಕೇಳಬೇಡಿ, ಅಂಗಡಿ ಬಗ್ಗೆ ಕೇಳಿ. ಆರ್ಡರ್ ಎಲ್ಲಿಂದ ಬರತ್ತೆ? ಯಾರು ಬರೆದುಕೊಳ್ತಾರೆ? ಎಲ್ಲಿ ತಪ್ಪತ್ತೆ? ಸಾಧ್ಯವಾದರೆ ಅಂಗಡಿಗೆ ಹೋಗಿ ಎರಡು ಗಂಟೆ ಕೂತು ನೋಡಿ.

ಹೀಗೆ ಕೇಳಿದಾಗ ನಿಜವಾದ ತೊಂದರೆ ಹೊರಗೆ ಬರತ್ತೆ. ನಮ್ಮ ಅಂಗಡಿಯಲ್ಲಿ ಆರ್ಡರ್‌ಗಳು ವಾಟ್ಸ್‌ಆ್ಯಪ್‌ಗೆ ಬರುತ್ತವೆ, ಅಮ್ಮ ಅದನ್ನು ನೋಟ್‌ಬುಕ್ಕಿಗೆ ಬರೆದುಕೊಳ್ತಾರೆ, ಹಬ್ಬದ ಹತ್ತು ದಿನ ಮಾತ್ರ ಎರಡು ಮೂರು ಆರ್ಡರ್ ಕೈತಪ್ಪುತ್ತವೆ ಅಂದುಕೊಳ್ಳಿ. ಅಷ್ಟಕ್ಕೆ ಆ್ಯಪ್ ಬೇಕಾ? ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ, ಅದರಲ್ಲಿ ಫೋಟೊ, ಬೆಲೆ ಸಮೇತ ಕ್ಯಾಟಲಾಗ್ ಹಾಕಬಹುದು. ಇಲ್ಲಾಂದ್ರೆ ಆರ್ಡರ್ ಫಾರ್ಮ್ ಇರೋ ಒಂದು ಸಣ್ಣ ವೆಬ್‌ಸೈಟ್ ಸಾಕು.

“ಅಣ್ಣಾ, ನಿಮಗೆ ಈಗಲೇ ಆ್ಯಪ್ ಬೇಡ” ಅಂತ ಹೇಳೋಕೆ ಧೈರ್ಯ ಬೇಕು. ಇವತ್ತು ಒಂದು ಪ್ರಾಜೆಕ್ಟ್ ಕೈಬಿಟ್ಟಂತೆ ಕಾಣತ್ತೆ. ಆದರೆ ಊರಲ್ಲಿ ನಿಮ್ಮ ಮಾತಿಗೆ ಬೆಲೆ ಬರೋದು ಇಂಥದ್ದರಿಂದಲೇ. ಆ ಅಂಗಡಿ ಬೆಳೆದಾಗ ಮೊದಲ ಫೋನ್ ನಿಮಗೇ ಬರತ್ತೆ.

ಪ್ರಶ್ನೆ 2: ಯಾರು ಬಳಸ್ತಾರೆ? ಯಾವ ಫೋನಲ್ಲಿ, ಯಾವ ಭಾಷೆಯಲ್ಲಿ?

‘ಎಲ್ಲರೂ’ ಅಂತ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಅಂಗಡಿಗೆ ಹೋದ ತಿಂಗಳು ಆರ್ಡರ್ ಕೊಟ್ಟ ಹತ್ತು ಜನರ ಬಗ್ಗೆ ಕೇಳಿ. ವಯಸ್ಸೆಷ್ಟು? ಯಾವ ಫೋನ್? ಒಂದು ತಿಂಡಿ ಅಂಗಡಿಗೋಸ್ಕರ ಫೋನಲ್ಲಿ ಜಾಗ ಕೊಡೋರು ಇದರಲ್ಲಿ ಎಷ್ಟು ಜನ?

ಭಾರತದಲ್ಲಿ ಬಹುಪಾಲು ಫೋನ್‌ಗಳು ಆಂಡ್ರಾಯ್ಡ್. ಹಾಗಾಗಿ ಮೊದಲು ಆಂಡ್ರಾಯ್ಡ್ ಮಾಡಿ, ಐಫೋನ್ ಆಮೇಲೆ ನೋಡೋಣ ಅನ್ನೋದು ಸಣ್ಣ ವ್ಯಾಪಾರಕ್ಕೆ ಒಳ್ಳೆ ದಾರಿ. ಆದರೆ ತಿಂಡಿ ಬುಕ್ ಮಾಡೋರು ಅಮೆರಿಕದಲ್ಲಿರೋ ಮಕ್ಕಳು, ತಲುಪಬೇಕಾದದ್ದು ಊರಲ್ಲಿರೋ ಅಪ್ಪ ಅಮ್ಮನಿಗೆ ಅಂತಾದರೆ ಲೆಕ್ಕ ಬದಲಾಗತ್ತೆ. ಅಲ್ಲಿ ಐಫೋನ್ ಜಾಸ್ತಿ, ವಿದೇಶಿ ಕಾರ್ಡ್‌ನಿಂದ ಹಣ ತಗೊಳ್ಳೋ ವ್ಯವಸ್ಥೆಯೂ ಬೇಕು. ಒಂದು ಪ್ರಶ್ನೆಗೆ ಎಷ್ಟು ಕೆಲಸ ಬದಲಾಯ್ತು ನೋಡಿ.

ಭಾಷೆಯನ್ನು ಕೊನೆಗೆ ಸೇರಿಸಿದರಾಯ್ತು ಅಂತ ಬಿಡಬೇಡಿ. ಇಂಗ್ಲಿಷಿನಲ್ಲಿ ಎರಡು ಅಕ್ಷರಕ್ಕೆ ಮುಗಿಯೋ ಬಟನ್ ಕನ್ನಡದಲ್ಲಿ ಎರಡು ಪದ ಆಗಬಹುದು. ಸಾಲಿನ ಎತ್ತರ ಕಮ್ಮಿ ಇಟ್ಟರೆ ಒತ್ತಕ್ಷರದ ಕಾಲು ಕತ್ತರಿಸಿಹೋಗತ್ತೆ. ಇನ್ನೊಂದು ವಿಷಯ, ಅಂಗಡಿಯವರ ಹಳೇ ಬೆಲೆಪಟ್ಟಿ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಆಗಿದ್ದರೆ ಅದನ್ನು ಹಾಗೇ ಕಾಪಿ ಮಾಡಿದಾಗ ಆ್ಯಪಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯೂನಿಕೋಡ್‌ಗೆ ಬದಲಾಯಿಸಿ, ಒಂದೊಂದೇ ಸಾಲು ತಿದ್ದಬೇಕು. ಈ ಕೆಲಸ ಯಾರದ್ದು? ಫೋಟೊ ಯಾರು ತೆಗೀತಾರೆ? ವಿವರಣೆ ಯಾರು ಬರೀತಾರೆ? ಕೇಳದೇ ಇದ್ದರೆ ಅದೆಲ್ಲ ಸುಮ್ಮನೆ ನಿಮ್ಮ ತಲೆಗೇ ಬರತ್ತೆ.

ಪ್ರಶ್ನೆ 3: ಮೊದಲ ಆವೃತ್ತಿಯಲ್ಲಿ ಏನೇನು ಇರಲ್ಲ?

‘ಸ್ವಿಗ್ಗಿ ತರಹ’ ಅನ್ನೋ ಎರಡು ಪದವನ್ನು ಬಿಡಿಸಿ ನೋಡೋಣ. ಗ್ರಾಹಕರಿಗೆ ಒಂದು ಆ್ಯಪ್, ಹೋಟೆಲಿನವರಿಗೆ ಇನ್ನೊಂದು, ಡೆಲಿವರಿ ಮಾಡೋರಿಗೆ ಮತ್ತೊಂದು. ಇವೆಲ್ಲವನ್ನೂ ನೋಡಿಕೊಳ್ಳೋಕೆ ಆಫೀಸಿನಲ್ಲಿ ಒಂದು ಅಡ್ಮಿನ್ ಪ್ಯಾನೆಲ್. ಕ್ಲೈಂಟ್ ಕೇಳಿದ್ದು ಒಂದು ಆ್ಯಪ್, ಮನಸ್ಸಲ್ಲಿರೋದು ನಾಲ್ಕು.

ಅದಕ್ಕೇ ಎರಡು ಪಟ್ಟಿ ಮಾಡಿ. ಮೊದಲನೆಯದರಲ್ಲಿ ‘ಇದಿಲ್ಲದೆ ಆ್ಯಪ್ ಬಿಡುಗಡೆ ಮಾಡೋಕೇ ಆಗಲ್ಲ’ ಅನ್ನೋದು. ಎರಡನೆಯದರಲ್ಲಿ ‘ಈ ಸಲ ಇರಲ್ಲ’ ಅನ್ನೋದು. ಎರಡನೇ ಪಟ್ಟಿ ಹೆಚ್ಚು ಮುಖ್ಯ. ಡೆಲಿವರಿ ಹುಡುಗ ಎಲ್ಲಿದ್ದಾನೆ ಅಂತ ಮ್ಯಾಪಲ್ಲಿ ತೋರಿಸೋದು ಇರಲ್ಲ, ಕೂಪನ್ ಇರಲ್ಲ, ಪಾಯಿಂಟ್ಸ್ ಇರಲ್ಲ, ಐಫೋನ್ ಇರಲ್ಲ ಅಂತ ಸ್ಪಷ್ಟವಾಗಿ ಬರೆದಿಡಿ. “ಇದೆಲ್ಲ ಸೇರಿಕೊಂಡಿದೆ ಅಂದ್ಕೊಂಡಿದ್ದೆ” ಅನ್ನೋ ಮಾತು ಬರೋ ಹೊತ್ತಿಗೆ ಈ ಪಟ್ಟಿಯೇ ನಿಮ್ಮನ್ನು ಕಾಯೋದು.

ಹೊಸದೇನಾದ್ರೂ ಬೇಕು ಅಂದ್ರೆ ಬೇಡ ಅನ್ನಬೇಡಿ. “ಖಂಡಿತ ಮಾಡಬಹುದು ಅಣ್ಣಾ, ಅದಕ್ಕೆ ಇಷ್ಟು ದಿನ, ಇಷ್ಟು ದುಡ್ಡು, ಸೇರಿಸಲಾ?” ಅಂತ ಕೇಳಿ. ಅರ್ಧಕ್ಕರ್ಧ ಬೇಡಿಕೆ ಅಲ್ಲೇ ಕಮ್ಮಿಯಾಗತ್ತೆ.

ಪ್ರಶ್ನೆ 4: ಹಣ ಎಲ್ಲಿಂದ ಎಲ್ಲಿಗೆ ಹೋಗತ್ತೆ?

ಗ್ರಾಹಕ ಕೊಟ್ಟ 300 ರೂಪಾಯಿ ಯಾರ ಖಾತೆಗೆ, ಎಷ್ಟು ದಿನಕ್ಕೆ ಹೋಗತ್ತೆ? ಆರ್ಡರ್ ರದ್ದಾದರೆ ಯಾರು ವಾಪಸ್ ಮಾಡ್ತಾರೆ? ಕ್ಯಾಶ್ ಆನ್ ಡೆಲಿವರಿ ಇದ್ದರೆ ಸಂಜೆ ಲೆಕ್ಕ ಯಾರು ಹೊಂದಿಸ್ತಾರೆ?

ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗಳ ಮೇಲೆ ಎಂಡಿಆರ್ ಶುಲ್ಕ ಇಲ್ಲ. ಹಾಗಾದ್ರೆ ಅಂಗಡಿಯ ಕ್ಯೂಆರ್ ಕೋಡನ್ನೇ ಆ್ಯಪಲ್ಲಿ ಹಾಕಿಬಿಡೋಣ ಅಂತ ಕ್ಲೈಂಟ್ ಹೇಳಬಹುದು. ಹಾಗೆ ಮಾಡಿದರೆ ಯಾವ ಆರ್ಡರ್‌ನ ದುಡ್ಡು ಬಂತು, ಯಾವುದರದ್ದು ಬಂದಿಲ್ಲ ಅಂತ ಕೂತು ಹೊಂದಿಸಿ ನೋಡಬೇಕು. ಅದು ತಾನಾಗಿ ಆಗಬೇಕು ಅಂದ್ರೆ ಪೇಮೆಂಟ್ ಗೇಟ್‌ವೇ ಬೇಕು, ಅದರ ಶುಲ್ಕ ಬೇರೆ. ಗೇಟ್‌ವೇಗೆ ಅಂಗಡಿಯ ಪ್ಯಾನ್, ಬ್ಯಾಂಕ್ ಖಾತೆ, ಕೆವೈಸಿ ಎಲ್ಲ ಬೇಕು. ಆ ದಾಖಲೆಗಳು ಯಾರ ಹೆಸರಲ್ಲಿವೆ ಅಂತ ಮೊದಲೇ ಕೇಳಿ. ಅಂಗಡಿ ಅಮ್ಮನ ಹೆಸರಲ್ಲಿ, ಬ್ಯಾಂಕ್ ಖಾತೆ ಮಗನ ಹೆಸರಲ್ಲಿ ಇದ್ದರೆ ಅಲ್ಲೇ ಎರಡು ವಾರ ಹೋಯ್ತು. ತಿಂಡಿ ವ್ಯಾಪಾರ ಆದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಇದೆಯಾ ಅನ್ನೋದನ್ನೂ ಇದೇ ಹೊತ್ತಿಗೆ ಕೇಳಿಬಿಡಿ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಚಕ್ಕುಲಿಯಂಥ ವಸ್ತು ಮಾರಿದರೆ ಗೂಗಲ್ ಪ್ಲೇ ಆಗಲಿ ಆ್ಯಪಲ್ ಆಗಲಿ ಅದರಲ್ಲಿ ಪಾಲು ಕೇಳಲ್ಲ. ಫೋನಲ್ಲೇ ಬಳಸೋ ಡಿಜಿಟಲ್ ಸರಕು, ಉದಾಹರಣೆಗೆ ರೆಕಾರ್ಡ್ ಮಾಡಿದ ಪಾಠ, ಪ್ರೀಮಿಯಂ ಚಂದಾ ಮಾರಿದರೆ ಸ್ಟೋರ್‌ಗಳ ಕಮಿಷನ್ ನಿಯಮ ಅನ್ವಯವಾಗತ್ತೆ. ಇದು ಬಹುಕಾಲ ಶೇ. 15ರಿಂದ 30ರವರೆಗೆ ಇತ್ತು, ನಿಯಮ ಆಗಾಗ ಬದಲಾಗತ್ತೆ, ಪ್ರಾಜೆಕ್ಟ್ ಶುರು ಮಾಡೋ ದಿನದ ನಿಯಮವನ್ನೇ ತೆಗೆದು ಓದಿ. 1,000 ರೂಪಾಯಿ ಕೋರ್ಸಿನಲ್ಲಿ 150 ರೂಪಾಯಿ ಹೋಗತ್ತೆ ಅಂತ ಟ್ಯೂಷನ್ ಸೆಂಟರಿನವರಿಗೆ ಬಿಡುಗಡೆಯ ದಿನ ಗೊತ್ತಾಗಬಾರದು.

ಹಣದ ದಾರಿ ಬದಲಾದರೆ ಆ್ಯಪ್ಪೇ ಬದಲಾಗತ್ತೆ ಅನ್ನೋದಕ್ಕೆ ಬೆಂಗಳೂರಿನ ನಮ್ಮ ಯಾತ್ರಿ ಒಳ್ಳೆ ಉದಾಹರಣೆ. 2022ರ ಕೊನೆಯಲ್ಲಿ ಆಟೋಗಳಿಗಾಗಿ ಶುರುವಾದ ಈ ಆ್ಯಪ್ ಪ್ರತಿ ಸವಾರಿಯಲ್ಲಿ ಕಮಿಷನ್ ಹಿಡಿಯಲ್ಲ, ಪ್ರಯಾಣಿಕರು ಚಾಲಕರಿಗೇ ನೇರವಾಗಿ ಹಣ ಕೊಡ್ತಾರೆ, ಚಾಲಕರು ಆ್ಯಪ್‌ಗೆ ಚಂದಾ ಕಟ್ಟುತ್ತಾರೆ. ಹೊರಗಿನಿಂದ ನೋಡಿದರೆ ಇದೂ ಒಂದು ರೈಡ್ ಆ್ಯಪ್. ಒಳಗೆ ಬಿಲ್ಲಿಂಗ್, ಸೆಟಲ್‌ಮೆಂಟ್, ರಿಫಂಡ್ ಎಲ್ಲ ಬೇರೆ ಥರ ಕಟ್ಟಬೇಕು.

ಪ್ರಶ್ನೆ 5: ಖಾತೆಗಳು ಯಾರ ಹೆಸರಲ್ಲಿ?

ಒಂಬತ್ತರಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ತೀನಿ ಅನ್ನೋರು ಇದನ್ನು ಇಟ್ಟುಕೊಳ್ಳಿ.

ಗೂಗಲ್ ಪ್ಲೇ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್. ‘ನನ್ನ ಖಾತೆ ಇದೆಯಲ್ಲ, ಅದರಲ್ಲೇ ಹಾಕಿಬಿಡ್ತೀನಿ’ ಅಂತ ತುಂಬಾ ಜನ ಮಾಡ್ತಾರೆ. ಆಗ ಕ್ಲೈಂಟಿನ ವ್ಯಾಪಾರ ನಿಮ್ಮ ಹೆಸರಲ್ಲಿ ನಡೆಯತ್ತೆ. ನಾಳೆ ಯಾರಾದರೂ ದೂರು ಕೊಟ್ಟು ಖಾತೆ ಬಂದ್ ಆದರೆ ನಿಮ್ಮ ಉಳಿದ ಆ್ಯಪ್‌ಗಳೂ ಹೋಗಬಹುದು. ಆ ಕಡೆ ಅಂಗಡಿಯವರಿಗೆ, ನೀವು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಒಂದು ಬೆಲೆ ತಿದ್ದೋಕೂ ನಿಮ್ಮನ್ನೇ ಹುಡುಕಬೇಕು. ಆ್ಯಪನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು, ಆದರೆ ಮೂಲ ಖಾತೆಯವರು ಒಪ್ಪಿ ಮಾಡಿಕೊಡಬೇಕು.

ಆದ್ದರಿಂದ ಪ್ಲೇ ಖಾತೆ, ಡೊಮೇನ್, ಸರ್ವರ್, ಪೇಮೆಂಟ್ ಗೇಟ್‌ವೇ ಎಲ್ಲವೂ ಕ್ಲೈಂಟ್ ಹೆಸರಲ್ಲಿ, ಕ್ಲೈಂಟ್ ಇಮೇಲ್‌ನಲ್ಲಿ, ಕ್ಲೈಂಟ್ ಕಾರ್ಡ್‌ನಲ್ಲಿ ಇರಲಿ. ನಿಮ್ಮನ್ನು ಕೆಲಸ ಮಾಡೋ ಬಳಕೆದಾರರಾಗಿ ಸೇರಿಸಿದರೆ ಸಾಕು.

ಇದರಲ್ಲಿ ದಿನಗಳ ಲೆಕ್ಕವೂ ಇದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಗಳಿಗೆ, ಆ್ಯಪ್ ಎಲ್ಲರಿಗೂ ಬಿಡುಗಡೆ ಮಾಡೋ ಮೊದಲು ಕನಿಷ್ಠ 12 ಜನ ಟೆಸ್ಟರ್‌ಗಳು ಸತತ 14 ದಿನ ಇರಬೇಕು ಅನ್ನೋ ನಿಯಮ ಇದೆ. ಸಂಸ್ಥೆಯ ಹೆಸರಲ್ಲಿ ಖಾತೆ ತೆರೆದರೆ ಡನ್ಸ್ ನಂಬರ್ ಅನ್ನೋ ಒಂಬತ್ತು ಅಂಕಿಯ ವ್ಯಾಪಾರ ಗುರುತು ಸಂಖ್ಯೆ ಬೇಕು, ಅದು ಸಿಗೋಕೂ ಸಮಯ ಹಿಡಿಯತ್ತೆ. ಮೇಲಿಂದ ಸ್ಟೋರ್‌ನ ಪರಿಶೀಲನೆ. ಫೋನಿಗೆ ಒಟಿಪಿ ಕಳಿಸಬೇಕು ಅಂದ್ರೆ ಟ್ರಾಯ್ ನಿಯಮದ ಪ್ರಕಾರ ಡಿಎಲ್‌ಟಿಯಲ್ಲಿ ವ್ಯಾಪಾರದ ಹೆಸರು, ಮೆಸೇಜಿನ ಮಾದರಿ ಎರಡನ್ನೂ ನೋಂದಾಯಿಸಬೇಕು.

“ದೀಪಾವಳಿಗೆ ಆ್ಯಪ್ ಬೇಕು” ಅಂತ ಅಂಗಡಿಯವರು ಹೇಳಿದರೆ, ಕೋಡ್ ಹಬ್ಬದ ಹಿಂದಿನ ದಿನ ಮುಗಿದರೆ ಏನೂ ಪ್ರಯೋಜನ ಇಲ್ಲ. ಈ ಎಲ್ಲ ವಾರಗಳನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ ದಿನಾಂಕ ಹೇಳಿ.

ಪ್ರಶ್ನೆ 6: ಬಿಡುಗಡೆ ಆದ ಮೇಲೆ ತಿಂಗಳ ಖರ್ಚು ಯಾರದ್ದು?

ಆ್ಯಪ್ ಅಂದ್ರೆ ಫ್ರಿಜ್ ಥರ, ಒಂದು ಸಲ ದುಡ್ಡು ಕೊಟ್ಟರೆ ಮುಗೀತು ಅಂತ ತುಂಬಾ ಜನ ಅಂದುಕೊಂಡಿರ್ತಾರೆ. ನಿಜವಾಗಿ ಅದು ಬಾಡಿಗೆ ಮಳಿಗೆ ಥರ. ಸರ್ವರ್, ಡೊಮೇನ್, ಒಂದೊಂದು ಎಸ್‌ಎಂಎಸ್, ಮಿತಿ ದಾಟಿದರೆ ಮ್ಯಾಪ್, ಎಲ್ಲಕ್ಕೂ ಬಿಲ್ ಬರ್ತಾನೇ ಇರತ್ತೆ. ಗೂಗಲ್ ಪ್ಲೇ ಪ್ರತಿ ವರ್ಷ, ಆ್ಯಪ್‌ಗಳು ಇತ್ತೀಚಿನ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿಕೊಂಡಿರಬೇಕು ಅಂತ ಗಡುವು ಕೊಡತ್ತೆ. 2025ರ ಆಗಸ್ಟ್ 31ರ ಗಡುವಿಗೆ ಹೊಸ ಆ್ಯಪ್‌ಗಳು, ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ಕ್ಕೆ ಹೊಂದಬೇಕಿತ್ತು. ಅಂದ್ರೆ ಯಾರೂ ಹೊಸದೇನೂ ಕೇಳದಿದ್ದರೂ ವರ್ಷಕ್ಕೊಂದು ಸಲ ಕೆಲಸ ಇದ್ದೇ ಇದೆ.

ಇಲ್ಲಿ ಸ್ವಲ್ಪ ಬಿ.ಕಾಂ. ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಆ್ಯಪ್ ಮಾಡೋಕೆ 1,20,000 ರೂಪಾಯಿ. ತಿಂಗಳ ಖರ್ಚು 3,000. ಒಂದು ಆರ್ಡರ್‌ನಲ್ಲಿ ಅಂಗಡಿಗೆ ಉಳಿಯೋ ಲಾಭ 60. ತಿಂಗಳ ಖರ್ಚು ಸರಿದೂಗಿಸೋಕೇ 50 ಆರ್ಡರ್ ಬೇಕು. ಹಾಕಿದ ಬಂಡವಾಳ ಎರಡು ವರ್ಷದಲ್ಲಿ ವಾಪಸ್ ಬರಬೇಕು ಅಂದ್ರೆ ತಿಂಗಳಿಗೆ ಇನ್ನೂ 5,000. ಒಟ್ಟು 8,000ವನ್ನು 60ರಿಂದ ಭಾಗಿಸಿದರೆ ತಿಂಗಳಿಗೆ 134 ಆರ್ಡರ್. ಅದೂ ಹೊಸ ಆರ್ಡರ್ ಆಗಿರಬೇಕು. ಈಗಾಗಲೇ ವಾಟ್ಸ್‌ಆ್ಯಪಲ್ಲಿ ತಗೊಳ್ತಿರೋರೇ ಆ್ಯಪ್‌ಗೆ ಬಂದರೆ ಅಂಗಡಿಗೆ ಹೆಚ್ಚಿನ ಲಾಭ ಏನೂ ಬರಲಿಲ್ಲ.

ಈ ಲೆಕ್ಕವನ್ನು ಕ್ಲೈಂಟ್ ಎದುರಿಗೇ, ಅವರದ್ದೇ ಅಂಕಿ ಹಾಕಿ, ಒಂದು ಹಾಳೆ ಮೇಲೆ ಮಾಡಿ. 134 ಹೊಸ ಆರ್ಡರ್ ತರಬಲ್ಲೆ ಅಂತ ಅವರಿಗೇ ಅನಿಸಿದರೆ ನಿಮ್ಮ ರೇಟ್ ಬಗ್ಗೆ ಚೌಕಾಸಿ ಕಮ್ಮಿಯಾಗತ್ತೆ. ಅನಿಸದಿದ್ದರೆ ಪ್ರಶ್ನೆ ಒಂದಕ್ಕೆ ವಾಪಸ್ ಹೋಗಿ. ಎಷ್ಟು ತಿಂಗಳು ಉಚಿತವಾಗಿ ದೋಷ ಸರಿಪಡಿಸ್ತೀರಿ, ಆಮೇಲೆ ವರ್ಷದ ನಿರ್ವಹಣೆಗೆ ಎಷ್ಟು ಅನ್ನೋದನ್ನೂ ಈಗಲೇ ಹೇಳಿ.

ಪ್ರಶ್ನೆ 7: ಗ್ರಾಹಕರ ಯಾವ ಮಾಹಿತಿ ಬೇಕು, ಯಾಕೆ ಬೇಕು?

“ಹೆಸರು, ನಂಬರ್, ಹುಟ್ಟಿದ ದಿನ, ಲೊಕೇಷನ್, ಕಾಂಟ್ಯಾಕ್ಟ್ಸ್ ಎಲ್ಲ ತಗೊಂಡಿರು, ಮುಂದೆ ಬೇಕಾಗತ್ತೆ” ಅಂತ ಹೇಳೋ ಕ್ಲೈಂಟ್‌ಗಳಿದ್ದಾರೆ. ಪ್ರತಿಯೊಂದಕ್ಕೂ ಯಾಕೆ ಅಂತ ಕೇಳಿ. ಚಕ್ಕುಲಿ ಕಳಿಸೋಕೆ ಹೆಸರು, ನಂಬರ್, ವಿಳಾಸ ಸಾಕು.

ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರ್ತಿವೆ. ಯಾವ ಉದ್ದೇಶಕ್ಕೆ ಅಂತ ಹೇಳಿ ಒಪ್ಪಿಗೆ ಪಡೀಬೇಕು, ಮಾಹಿತಿಯನ್ನು ಭದ್ರವಾಗಿ ಇಡಬೇಕು. ಭದ್ರತೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಪಡೀಬೇಕು ಅನ್ನೋ ನಿಯಮ ಇದೆ. ಶಾಲೆ, ಟ್ಯೂಷನ್ ಆ್ಯಪ್ ಮಾಡೋರು ಇದನ್ನು ಗಮನವಿಟ್ಟು ಓದಿ.

ಸ್ಟೋರ್‌ಗಳ ನಿಯಮವೂ ಇದೆ. ಆ್ಯಪ್ ಒಳಗೆ ಖಾತೆ ತೆರೆಯೋ ಅವಕಾಶ ಕೊಟ್ಟರೆ ಅದನ್ನು ಅಳಿಸೋ ಅವಕಾಶವನ್ನೂ ಕೊಡಬೇಕು. ಆ್ಯಪಲ್ ಇದನ್ನು 2022ರ ಜೂನ್ 30ರಿಂದ ಕಡ್ಡಾಯ ಮಾಡಿದೆ, ಗೂಗಲ್ ಪ್ಲೇನಲ್ಲೂ ಇಂಥದ್ದೇ ನಿಯಮ ಇದೆ. ಇದು ಕ್ಲೈಂಟ್ ಯಾವತ್ತೂ ಕೇಳದ ಫೀಚರ್, ಆದರೆ ಕೊಟೇಷನ್‌ನಲ್ಲಿ ನೀವು ಸೇರಿಸಲೇಬೇಕಾದ್ದು.

ಪ್ರಶ್ನೆ 8: ಕೋಡ್ ಯಾರ ಸ್ವತ್ತು?

“ದುಡ್ಡು ಕೊಟ್ಟಿದ್ದು ನಾನು, ಕೋಡ್ ನಂದೇ ಅಲ್ವಾ?” ಅಂತ ಅಂಗಡಿಯವರು ಕೇಳ್ತಾರೆ. ಕಾನೂನು ಅಷ್ಟು ಸುಲಭವಾಗಿ ಹೌದು ಅನ್ನಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯೊಳಗೇ ಬರತ್ತೆ. ಕಥೆ ಬರೆದವರಿಗೆ ಇರೋ ಹಾಗೆ ಕೋಡ್ ಬರೆದವರಿಗೂ ಹಕ್ಕು ಇದೆ. ನೀವು ಕಂಪನಿಯ ನೌಕರರಾಗಿ ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದ್ದು. ಫ್ರೀಲ್ಯಾನ್ಸರ್ ಆಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕು ಬರೆದವರದ್ದು.

ಆ ಹಕ್ಕನ್ನು ಕ್ಲೈಂಟ್‌ಗೆ ಬಿಟ್ಟುಕೊಡೋದಾದರೆ ಬರಹದಲ್ಲಿ, ಸಹಿ ಸಮೇತ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದೇ ಇದ್ದರೆ ಕಾನೂನು ಅದನ್ನು 5 ವರ್ಷ ಅಂತ ಎಣಿಸತ್ತೆ, ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಎಣಿಸತ್ತೆ. ವ್ಯಾಪಾರಿಗಳು ಇದನ್ನು ಗಮನಿಸಿ.

ಎರಡೂ ಕಡೆಗೆ ನ್ಯಾಯವಾಗಿರೋ ಒಂದು ದಾರಿ ಹೀಗಿದೆ: ಕೊನೆಯ ಕಂತು ಪೂರ್ತಿ ಬಂದ ದಿನ ಈ ಪ್ರಾಜೆಕ್ಟಿಗಾಗಿ ಬರೆದ ಕೋಡ್ ಕ್ಲೈಂಟಿನದ್ದಾಗತ್ತೆ. ನೀವು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಬಳಸೋ ನಿಮ್ಮದೇ ಸಾಮಾನ್ಯ ಭಾಗಗಳು ನಿಮ್ಮ ಹತ್ತಿರವೇ ಉಳಿಯುತ್ತವೆ, ಕ್ಲೈಂಟ್ ಅದನ್ನು ಈ ಆ್ಯಪಲ್ಲಿ ಬಳಸಬಹುದು. ಮೊತ್ತ ದೊಡ್ಡದಿದ್ದರೆ ಒಬ್ಬ ವಕೀಲರಿಗೆ ತೋರಿಸಿ. ಅವರ ಫೀ ಆಮೇಲಿನ ಜಗಳಕ್ಕಿಂತ ಕಮ್ಮಿ.

ಪ್ರಶ್ನೆ 9: ‘ಮುಗೀತು’ ಅಂತ ಯಾರು ಹೇಳ್ತಾರೆ, ದುಡ್ಡು ಯಾವಾಗ?

ನಿಮಗೆ ಫೋನ್ ಮಾಡಿದ್ದು ಮಗ. ಆದರೆ ದಿನಾ ಆರ್ಡರ್ ನೋಡೋದು ಅಮ್ಮ. ಮೂರು ತಿಂಗಳು ಮಗನ ಮಾತು ಕೇಳಿ ಕೆಲಸ ಮಾಡಿ ಆಮೇಲೆ ಅಮ್ಮ, “ಇದು ನಂಗೆ ಅರ್ಥ ಆಗಲ್ಲಪ್ಪ, ನನ್ನ ನೋಟ್‌ಬುಕ್ಕೇ ಸಾಕು” ಅಂದ್ರೆ? ಅದಕ್ಕೇ ಮೊದಲ ದಿನವೇ ವಿನಯವಾಗಿ ಕೇಳಿ: “ಅಣ್ಣಾ, ಕೊನೆಗೆ ಸರಿ ಇದೆ ಅಂತ ಒಪ್ಪೋದು ನೀವಾ, ಅಮ್ಮನಾ? ಅಮ್ಮನೂ ಒಂದು ಹತ್ತು ನಿಮಿಷ ಕೂತ್ಕೊಂಡ್ರೆ ಒಳ್ಳೇದಿತ್ತು.”

‘ಮುಗೀತು’ ಅನ್ನೋದನ್ನು ಕಣ್ಣಿಗೆ ಕಾಣೋ ಹಾಗೆ ಬರೀರಿ. ‘ಗ್ರಾಹಕರು ತಿಂಡಿ ಆರಿಸಿ, ಹಣ ಕಟ್ಟಿ, ಆರ್ಡರ್ ಅಮ್ಮನ ಫೋನಿಗೆ ಬಂದು, ಅಮ್ಮ ಕಳಿಸಿದೆ ಅಂತ ಒತ್ತಿದರೆ ಗ್ರಾಹಕರಿಗೆ ಮೆಸೇಜ್ ಹೋಗಬೇಕು.’ ಇಷ್ಟು ನಡೆದರೆ ಕೆಲಸ ಮುಗೀತು ಅಂತ ಯಾರು ನೋಡಿದರೂ ಹೇಳಬಹುದು.

ದುಡ್ಡನ್ನು ಈ ಹಂತಗಳಿಗೇ ಜೋಡಿಸಿ. ಒಂದಿಷ್ಟು ಅಡ್ವಾನ್ಸ್, ಡಿಸೈನ್ ಒಪ್ಪಿದಾಗ ಒಂದು ಕಂತು, ಟೆಸ್ಟಿಂಗ್‌ಗೆ ಕೊಟ್ಟಾಗ ಇನ್ನೊಂದು, ಸ್ಟೋರ್‌ಗೆ ಹಾಕೋ ಮೊದಲು ಉಳಿದಿದ್ದು. ಕ್ಲೈಂಟ್ ಕಡೆಯಿಂದ ಫೋಟೊ, ಬೆಲೆಪಟ್ಟಿ ತಡವಾದರೆ ಗಡುವೂ ಅಷ್ಟೇ ದಿನ ಮುಂದಕ್ಕೆ ಹೋಗತ್ತೆ ಅಂತಲೂ ಬರೀರಿ.

ತೆರಿಗೆಯ ಮಾತು ಎರಡೇ ಸಾಲಲ್ಲಿ. ಸಾಫ್ಟ್‌ವೇರ್ ಸೇವೆಗೆ ಜಿಎಸ್‌ಟಿ ಶೇ. 18. ಕರ್ನಾಟಕದಲ್ಲಿ ಸೇವೆ ಕೊಡೋರಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟೋವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ನೀವು ನೋಂದಣಿ ಮಾಡಿಸಿದ್ದರೆ ‘ಒಂದು ಲಕ್ಷ’ ಅಂದಾಗ ಅದು ತೆರಿಗೆ ಸೇರಿಸಿಯೋ ಸೇರಿಸದೆಯೋ ಅಂತ ಹೇಳಿ, 18,000 ರೂಪಾಯಿಯ ವ್ಯತ್ಯಾಸ ಇದೆ. ಕ್ಲೈಂಟ್ ಕಂಪನಿಯಾಗಿದ್ದರೆ ಟಿಡಿಎಸ್ ಹಿಡಿದು ಉಳಿದದ್ದು ಕೊಡಬಹುದು. ಹಾಗೆ ಹಿಡಿದದ್ದು ಐಟಿ ರಿಟರ್ನ್ ಹಾಕುವಾಗ ನಿಮ್ಮ ಲೆಕ್ಕಕ್ಕೇ ಬರತ್ತೆ, ಗಾಬರಿ ಬೇಡ.

ಇಷ್ಟೆಲ್ಲ ಕೇಳೋದು ಹೇಗೆ?

ಪ್ರಶ್ನೆಪತ್ರಿಕೆ ಹಿಡಿದು ಕೂತರೆ ಯಾರಿಗಾದರೂ ಇರುಸುಮುರುಸಾಗತ್ತೆ. ಪರಿಚಯದವರಾದರಂತೂ “ನಮ್ಮ ಮೇಲೆ ನಂಬಿಕೆ ಇಲ್ವಾ?” ಅಂತ ಬೇಜಾರು ಮಾಡ್ಕೋಬಹುದು. ಅಂಗಡಿಯಲ್ಲಿ ಟೀ ಕುಡೀತಾ ಅವರ ವ್ಯಾಪಾರದ ಕಥೆ ಕೇಳಿ, ಮೊದಲ ಮೂರು ಪ್ರಶ್ನೆಗಳು ಅದರಲ್ಲೇ ಮುಗಿಯುತ್ತವೆ. ಹಣ, ಖಾತೆ, ಕೋಡ್ ವಿಷಯವನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಿ. ಅಲ್ಲಿ “ನಿಮ್ಮ ದುಡ್ಡು ಸುರಕ್ಷಿತವಾಗಿರಲಿ ಅಂತ ಕೇಳ್ತಿದ್ದೀನಿ” ಅಂತ ಶುರು ಮಾಡಿ. ಅದು ಸುಳ್ಳೂ ಅಲ್ಲ.

ಮನೆಗೆ ಬಂದ ಮೇಲೆ ಒಂದು ಮೆಸೇಜ್ ಕಳಿಸಿ. ಹೀಗಿದ್ದರೆ ಸಾಕು:

“ಅಣ್ಣಾ, ಇವತ್ತು ಮಾತಾಡಿದ್ದನ್ನು ಬರೆದಿದ್ದೀನಿ. ಮೊದಲು ಆಂಡ್ರಾಯ್ಡ್ ಮಾತ್ರ, ಕನ್ನಡ ಮತ್ತು ಇಂಗ್ಲಿಷ್. ಡೆಲಿವರಿ ಟ್ರ್ಯಾಕಿಂಗ್, ಕೂಪನ್ ಈ ಸಲ ಇಲ್ಲ. ಪ್ಲೇ ಖಾತೆ, ಪೇಮೆಂಟ್ ಗೇಟ್‌ವೇ ಅಮ್ಮನ ಹೆಸರಲ್ಲಿ. ಫೋಟೊ, ಬೆಲೆಪಟ್ಟಿ ನೀವು 15ನೇ ತಾರೀಕಿನೊಳಗೆ ಕೊಡ್ತೀರಿ. ತಿಂಗಳ ಸರ್ವರ್ ಖರ್ಚು ನಿಮ್ಮದು. ಕೊನೆಗೆ ಒಪ್ಪೋದು ಅಮ್ಮ. ಏನಾದ್ರೂ ತಪ್ಪಿದ್ರೆ ಹೇಳಿ, ಸರಿ ಇದ್ರೆ ‘ಸರಿ’ ಅಂತ ಕಳಿಸಿ. ಆಮೇಲೆ ಕೊಟೇಷನ್ ಕೊಡ್ತೀನಿ.”

ಒಪ್ಪಂದಕ್ಕೆ ಇದು ಬದಲಿ ಅಲ್ಲ. ಆದರೆ ‘ಸರಿ’ ಅಂತ ಬಂದ ಆ ಒಂದು ಉತ್ತರದ ಮೇಲೆ ಒಪ್ಪಂದ ಬರೆಯೋದು ಸುಲಭ.

ಎಷ್ಟು ಕೇಳಿದರೂ ಕೆಲವರು “ಅದೆಲ್ಲ ಆಮೇಲೆ ನೋಡೋಣ, ನೀನು ಶುರು ಮಾಡು” ಅಂತಾರೆ. ಒಂದೆರಡು ಪ್ರಶ್ನೆಗೆ ಹಾಗಂದರೆ ಪರವಾಗಿಲ್ಲ. ಹಣ, ಖಾತೆ, ‘ಮುಗೀತು’ ಅನ್ನೋದು ಏನು, ಈ ಮೂರಕ್ಕೂ ಅದೇ ಉತ್ತರ ಬಂದರೆ ಆ ಪ್ರಾಜೆಕ್ಟ್ ಬಿಡೋದೇ ಲಾಭ. ಇಲ್ಲಾಂದ್ರೆ ಕನಿಷ್ಠ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ ಬರೆದುಕೊಡೋ ಕೆಲಸಕ್ಕೇ ಒಂದು ಸಣ್ಣ ಫೀ ಹೇಳಿ, ಅಷ್ಟು ಮಾತ್ರ ಮಾಡಿಕೊಡಿ. ಆ ವರದಿ ಇಟ್ಟುಕೊಂಡು ಅವರು ಬೇರೆ ಯಾರ ಹತ್ತಿರ ಆ್ಯಪ್ ಮಾಡಿಸಿಕೊಂಡರೂ ನಿಮ್ಮ ದುಡಿಮೆಗೆ ಬೆಲೆ ಸಿಕ್ಕಿರತ್ತೆ.

ಈಗ ಕೈಯಲ್ಲಿ ಪ್ರಾಜೆಕ್ಟ್ ಇರೋರು ಇವತ್ತು ರಾತ್ರಿನೇ ಐದನೇ ಪ್ರಶ್ನೆ ನೋಡಿ: ಆ ಪ್ಲೇ ಖಾತೆ ಯಾರ ಹೆಸರಲ್ಲಿದೆ? ನಿಮ್ಮ ಹೆಸರಲ್ಲಿದ್ದರೆ ನಾಳೆ ಬೆಳಿಗ್ಗೆ ಕ್ಲೈಂಟ್‌ಗೆ ಫೋನ್ ಮಾಡಿ. ಈ ಪಟ್ಟಿಯಲ್ಲಿ ಇಲ್ಲದ, ನೀವು ತಪ್ಪದೇ ಕೇಳೋ ಪ್ರಶ್ನೆ ಯಾವುದಾದರೂ ಇದ್ದರೆ ನನಗೆ ಕಳಿಸಿ, ಮುಂದಿನ ವಾರ ಅದನ್ನೂ ಮಾತಾಡೋಣ. ಸಿಗೋಣ.